ಇಪ್ಪತ್ತು ಕೊಕ್ಕೆಗಳ ಹಲಗೆ

ಈಜುಕೊಳದ ನೀರಿಗೇ ಈಜು ಕಲಿಸಿದವಳು ನಾನು. ನಗಬೇಡಿ. ನಾನು ಕಾಲಿಡುವ ಮುಂಚೆ ಆ ಸಣ್ಣ ಕೊಳದ ನೀರು ಕದಲುವುದನ್ನೇ ಮರೆತು ಹೆಪ್ಪುಗಟ್ಟಿದ ಮೊಸರಿನ ಹಾಗೆ ಬಿದ್ದುಕೊಂಡಿತ್ತು. ಒಂದೇ ಒಂದು ಸಲ ಸೀಟಿ ಊದಿದೆ ನೋಡಿ, ಈ ಗೋಡೆಯಿಂದ ಆ ಗೋಡೆಗೆ ತಾನೇ ಹೋಗಿ ಮುಟ್ಟಿ ವಾಪಸ್ ಬಂತು. ಅನುಮಾನವಿದ್ದರೆ ಯಾರನ್ನಾದರೂ ಕೇಳಿ. ನಮ್ಮ ಮಾವನನ್ನು ಮಾತ್ರ ಕೇಳಬೇಡಿ.

ಮಾವ ಅಂದರೆ ಅಮ್ಮನ ಒಬ್ಬನೇ ತಮ್ಮ, ಅದೇ ಈಜುಕೊಳದ ಲೈಫ್‌ಗಾರ್ಡ್. ಅವರ ಮನೆಯಲ್ಲೇ ಇದ್ದುಕೊಂಡು ನಾನು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಓದುತ್ತಿದ್ದದ್ದು ಕ್ರೀಡಾ ಅಭಿವೃದ್ಧಿ, ಕೊನೆಯ ವರ್ಷ. ಹಾಗಂದರೇನು ಅಂತ ಎಲ್ಲರೂ ಕೇಳುತ್ತಾರೆ. ಆಟಗಾರರನ್ನು ತಯಾರು ಮಾಡುವ ಕೋರ್ಸಲ್ಲ ಅದು. ಆಟದ ಕಡೆ ತಲೆಯೇ ಹಾಕದವರನ್ನು ಹುಡುಕಿ, ಯಾಕೆ ಬರುತ್ತಿಲ್ಲ, ಬಸ್ಸಿಲ್ಲವೋ, ಮೊಣಕಾಲು ನೋವೋ, ನಾಚಿಕೆಯೋ ಅಂತ ತಿಳಿದುಕೊಂಡು, ಕೈಹಿಡಿದು ಕರೆತರುವ ವಿದ್ಯೆ. ಮಾವನ ಹೆಂಡತಿ, ನಮ್ಮತ್ತೆ, ಇದನ್ನು ಇನ್ನೂ ಚೆನ್ನಾಗಿ ವಿವರಿಸುತ್ತಿದ್ದರು.

"ಮೂರು ವರ್ಷ ಓದಿ ಕಲಿತದ್ದೇನಪ್ಪಾ ಅಂದ್ರೆ, ಕೂತಿರೋರನ್ನ ಎಬ್ಬಿಸೋದು. ಮೊದಲು ನೀನು ಹಾಸಿಗೆಯಿಂದ ಏಳೇ ತಾಯಿ, ಎಂಟೂವರೆ ಆಯ್ತು."

ಕೊನೆಯ ವರ್ಷ ಎಲ್ಲರೂ ಒಂದು ಫೀಲ್ಡ್ ವರ್ಕ್ ಮಾಡಬೇಕಿತ್ತು. ನಾನು ಆರಿಸಿಕೊಂಡದ್ದು ನೀರಿನ ಭಯವಿರುವ ಐವತ್ತು ದಾಟಿದವರಿಗೆ ನೀರಿನಲ್ಲಿ ನಡೆಯುವುದನ್ನು ಕಲಿಸುವ ಕಾರ್ಯಕ್ರಮ. ಶನಿವಾರ ಮಧ್ಯಾಹ್ನ ಎರಡರಿಂದ ಮೂರೂವರೆ, ಹನ್ನೆರಡು ವಾರ. ನಮ್ಮ ಮೇಡಂ, ಅಂದರೆ ವಿಭಾಗದ ಉಪನ್ಯಾಸಕಿ, ನಿಯಮ ಹೇಳಿದ್ದರು: ತಪ್ಪದೆ ಬರುವವರು ಕನಿಷ್ಠ ಇಪ್ಪತ್ತು ಜನ ಇರಬೇಕು. ಕಡಿಮೆಯಾದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ. ಈಜುಕೊಳದಲ್ಲಿ ಕೋಆರ್ಡಿನೇಟರ್ ಹುದ್ದೆ ಒಂದು ಖಾಲಿಯಿತ್ತು. ಈ ವರ್ಷ ಪಾಸಾದವರಲ್ಲೇ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಅಂತ ಮ್ಯಾನೇಜರ್ ಹೇಳಿಬಿಟ್ಟಿದ್ದರು. ಆ ಕುರ್ಚಿಯನ್ನು ಬಡಗಿ ನನ್ನ ಅಳತೆ ತೆಗೆದುಕೊಂಡೇ ಮಾಡಿದ್ದ ಅಂತ ನನಗೆ ಖಾತ್ರಿ.

ಊರಿನ ಗೋಡೆಗೆಲ್ಲ ಹತ್ತು ಸಾವಿರ ಪೋಸ್ಟರ್ ಅಂಟಿಸಿದೆ. ಸರಿ, ನಲವತ್ತು. ಬಂದವರು ಹನ್ನೊಂದು ಜನ.

ಎರಡನೇ ವಾರವೂ ಹನ್ನೊಂದು. ಮೂರನೇ ವಾರವೂ ಅಷ್ಟೇ. ಅದೇ ತಲೆಗಳು, ಅದೇ ರಬ್ಬರ್ ಟೋಪಿಗಳು.

ಇಲ್ಲಿ ಮಾವನ ಹಲಗೆಯ ವಿಷಯ ಹೇಳಬೇಕು. ಸಣ್ಣ ಕೊಳದ ಬಾಗಿಲ ಪಕ್ಕ ನೀಲಿ ಬಣ್ಣದ ಒಂದು ಹಲಗೆ, ಅದರಲ್ಲಿ ಇಪ್ಪತ್ತು ಕೊಕ್ಕೆ. ಒಂದೊಂದು ಕೊಕ್ಕೆಗೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ, ಅದನ್ನು ಪೋಣಿಸಿದ ರಬ್ಬರ್ ಬಳೆ. ನೀರಿಗೆ ಇಳಿಯುವವರು ಒಂದು ಬಿಲ್ಲೆ ತೆಗೆದು ಕೈಗೆ ಹಾಕಿಕೊಳ್ಳಬೇಕು. ಬಟ್ಟೆ ಬದಲಿಸಿ ಮನೆಗೆ ಹೊರಡುವಾಗ ವಾಪಸ್ ನೇತುಹಾಕಬೇಕು. ಹಲಗೆ ತುಂಬಿದ್ದರೆ ಒಳಗೆ ಯಾರೂ ಇಲ್ಲ, ಬೀಗ ಹಾಕಬಹುದು. ಒಂದು ಕೊಕ್ಕೆ ಖಾಲಿಯಿದ್ದರೂ ಮಾವ ಬೀಗ ಮುಟ್ಟುತ್ತಿರಲಿಲ್ಲ.

ಹಲಗೆಯನ್ನು ಮಾವನೇ ಗರಗಸ ಹಿಡಿದು ಮಾಡಿದ್ದು. ಅದಕ್ಕೆ ಒಂದೇ ನಿಯಮ. "ಯಾರ ಕೈಯಲ್ಲಿತ್ತೋ ಅವರೇ ನೇತುಹಾಕಬೇಕು. ಇನ್ನೊಬ್ಬರದ್ದು ಇನ್ನೊಬ್ಬರು ಮುಟ್ಟಬಾರದು. ನೀನೂ ಮುಟ್ಟಬಾರದು, ನಾನೂ ಮುಟ್ಟಬಾರದು." ಯಾಕೆ ಮಾವ ಅಂದರೆ, "ಹಳೇ ಕೊಳದಲ್ಲಿ ಒಂದು ಸಲ ಎಣಿಕೆ ತಪ್ಪಿತ್ತು" ಅಂದರು. ಎಷ್ಟು ಕೆದಕಿದರೂ ಅಷ್ಟೇ. ಅತ್ತೆ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, "ಅದನ್ನ ಮತ್ತೆ ಕೇಳಬೇಡ ಕಣೇ" ಅಂದರು.

ನನ್ನ ಬುದ್ಧಿ ಕೆಲಸ ಮಾಡಿದ್ದು ನಾಲ್ಕನೇ ವಾರ. ಇಂಥ ಬುದ್ಧಿ ನೂರು ವರ್ಷಕ್ಕೊಬ್ಬರಿಗೆ ಬರುತ್ತದೆ. ರಿಜಿಸ್ಟರಿಗೆ ಒಂಬತ್ತು ಹೊಸ ಹೆಸರು ಸೇರಿಸಿದೆ. ಬರಿ ಹೆಸರಲ್ಲ, ಒಬ್ಬೊಬ್ಬರಿಗೂ ಒಂದೊಂದು ಬದುಕನ್ನೇ ಕೊಟ್ಟೆ. ಒಬ್ಬ ನಿವೃತ್ತ ಬಸ್ ಕಂಡಕ್ಟರ್, ನಿಂತೂ ನಿಂತೂ ಸೊಂಟ ಹಿಡಿದುಕೊಂಡಿದೆ. ಒಬ್ಬ ಬೇಕರಿಯವನು, ನೀರು ಕಂಡರೆ ಕಣ್ಣು ಮುಚ್ಚುತ್ತಾನೆ. ಇಬ್ಬರು ಅವಳಿ ಅಕ್ಕತಂಗಿಯರು, ಮಾತು ಬಿಟ್ಟು ಹನ್ನೆರಡು ವರ್ಷ, ಕೊಳದಲ್ಲಿ ಆಕಡೆ ಈಕಡೆ ನಡೆಯುತ್ತಾರೆ. ವಾರವಾರ ಪ್ರಗತಿ ಬರೆದೆ: "ಕಂಡಕ್ಟರ್ ಸೊಂಟನೋವಿನಲ್ಲಿ ಗಮನಾರ್ಹ ಇಳಿಕೆ." "ಬೇಕರಿಯವರು ಇಂದು ಒಂದು ಕಣ್ಣು ತೆರೆದರು." ಮೇಡಂ ಓದಿ, "ಎಷ್ಟು ಚೆನ್ನಾಗಿ ಗಮನಿಸ್ತೀಯಮ್ಮ! ಈ ಅವಳಿ ಅಕ್ಕತಂಗೀರನ್ನ ಒಂದ್ಸಲ ಮಾತಾಡಿಸಬೇಕು" ಅಂದರು. "ಖಂಡಿತ ಮೇಡಂ, ಆದ್ರೆ ಒಬ್ಬೊಬ್ಬರನ್ನೇ ಮಾತಾಡಿಸಿ" ಅಂದೆ.

ರಿಜಿಸ್ಟರಿನಲ್ಲಿ ಇಪ್ಪತ್ತು ಅಂದಮೇಲೆ ಹಲಗೆಯಲ್ಲೂ ಇಪ್ಪತ್ತು ಕೊಕ್ಕೆ ಖಾಲಿಯಾಗಬೇಕಲ್ಲ. ಆ ಹೊತ್ತಿಗೆ ಮಾವ ಗೋಡೆಯ ಆಚೆ ದೊಡ್ಡ ಕೊಳದ ಬಳಿ ಇರುತ್ತಿದ್ದರು. ಆದರೂ ನಡುವೆ ಒಂದು ಸಲ ಬಾಗಿಲ ಸಂದಿಯಿಂದ ಹಲಗೆ ನೋಡಿ ಹೋಗುವುದು ಅವರ ಅಭ್ಯಾಸ. ಹಾಗಾಗಿ ಒಂಬತ್ತು ಬಿಲ್ಲೆ ನನ್ನ ಟ್ರ್ಯಾಕ್ ಪ್ಯಾಂಟಿನ ಜೇಬಿಗೆ. ಎಲ್ಲರೂ ಹೋದ ಮೇಲೆ ಒಂಬತ್ತೂ ವಾಪಸ್ ಕೊಕ್ಕೆಗೆ. ನಡೆದರೆ ಜೇಬಿನಲ್ಲಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿತ್ತು. ಒಂಬತ್ತು ಜನ ಪಿಸುಮಾತಾಡಿಕೊಂಡು ಹಿಂದೆ ಬಂದ ಹಾಗೆ.

ಇದನ್ನು ಕಂಡುಹಿಡಿದವರು ಒಬ್ಬರೇ. ಟೈಲರಮ್ಮ.

ಟೈಲರಮ್ಮನಿಗೆ ಅರವತ್ತೆರಡು. ನಲವತ್ತು ವರ್ಷ ಹೊಲಿಗೆ ಮೆಷಿನ್ ತುಳಿದು ಎರಡೂ ಮೊಣಕಾಲು ಸವೆದಿತ್ತು. ಅಂಗಡಿಯಲ್ಲಿ ಸಿಗುವ ಈಜುಡುಗೆ ನೋಡಿ, "ಇದು ಬಟ್ಟೆನಾ? ಹೊಲಿಯೋಕೆ ಶುರು ಮಾಡಿ ಬಿಟ್ಟು ಎದ್ದು ಹೋದಂಗಿದೆ" ಅಂದು, ಕುತ್ತಿಗೆಯಿಂದ ಹಿಮ್ಮಡಿವರೆಗೆ ತಾವೇ ಒಂದು ಹೊಲಿದುಕೊಂಡು ಬಂದಿದ್ದರು. ಅದಕ್ಕೆ ಎರಡು ಜೇಬು ಬೇರೆ. ಮೊದಲ ದಿನ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಅತ್ತವರು ಐದನೇ ವಾರದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ಯಾರನ್ನೂ ಹಿಡಿಯದೆ ನಡೆದರು. ಇದನ್ನು ನಾನು ಉಬ್ಬಿಸಿ ಹೇಳುತ್ತಿಲ್ಲ. ಅವರು ಆ ಗೋಡೆ ಮುಟ್ಟಿ ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕದ್ದು ನಿಜ.

ಎಂಟನೇ ವಾರ ನೀರಿನಲ್ಲಿ ನಿಂತುಕೊಂಡೇ ಟೈಲರಮ್ಮ ಹಲಗೆ ನೋಡಿದರು, ಆಮೇಲೆ ಸುತ್ತ ನೋಡಿದರು, ಬೆರಳು ಮಡಿಸಿ ಎಣಿಸಿದರು.

"ಏನಮ್ಮ ಕೋಚಮ್ಮ, ಇಪ್ಪತ್ತು ಕೊಕ್ಕೆನೂ ಖಾಲಿ ಇದೆ. ನೀರಲ್ಲಿ ಹನ್ನೊಂದೇ ತಲೆ ಕಾಣ್ತಿದೆ. ಉಳಿದ ಒಂಬತ್ತು ಜನ ಎಲ್ಲಿ, ತಳದಲ್ಲಿದಾರಾ?"

ಎಲ್ಲರೂ ಜೋರಾಗಿ ನಕ್ಕರು. ನಾನೂ ನಕ್ಕೆ. ಎತ್ತರದ ಸೂರಿನ ಕೆಳಗೆ ನಗು ಸುತ್ತು ಹೊಡೆದು, ನಕ್ಕವರಿಗಿಂತ ಹೆಚ್ಚು ಜನ ನಕ್ಕ ಹಾಗೆ ವಾಪಸ್ ಬಂತು. ಒಂದು ಕ್ಷಣ ನಾನು ನೀರಿನ ತಳ ನೋಡಿದೆ. ಬಿಳಿ ಟೈಲ್ಸ್, ಮಧ್ಯೆ ಕಪ್ಪು ಗೆರೆ, ಅಷ್ಟೇ.

"ಅವರು ಮೊದಲ ಬ್ಯಾಚು, ಆಗಲೇ ಹೋದ್ರು. ಬಿಲ್ಲೆ ಹಾಕೋದು ಮರೆತಿದಾರೆ" ಅಂದೆ.

"ಒಂಬತ್ತು ಜನಾನೂ? ಒಟ್ಟಿಗೇ ಮರೆತ್ರಾ?" ಅಂದರು ಟೈಲರಮ್ಮ. ಆದರೆ ಅಷ್ಟಕ್ಕೇ ಬಿಟ್ಟರು. ಒಳ್ಳೆ ಹೆಂಗಸು.

ಹನ್ನೊಂದನೇ ಶನಿವಾರ ಬೆಳಗಿನಿಂದ ಮೋಡ. ಮಧ್ಯಾಹ್ನ ಎರಡು ಗಂಟೆಗೇ ಟ್ಯೂಬ್‌ಲೈಟ್ ಹಾಕಬೇಕಾಯಿತು. ಒಂದು ಟ್ಯೂಬ್ ಹತ್ತುವುದೋ ಬೇಡವೋ ಅಂತ ಕೊನೆಯವರೆಗೂ ಮಿಣುಕುತ್ತಲೇ ಇತ್ತು. ಹನ್ನೊಂದು ಜನರೂ ಬಂದರು, ನಡೆದರು, ಹರಟಿದರು. ಮೂರೂವರೆಗೆ ಸೀಟಿ ಊದಿದೆ. ಮುಂದಿನ ವಾರ ಕೊನೆಯ ಕ್ಲಾಸು. ಆದರೆ ಈ ಶನಿವಾರವೇ ನಾಲ್ಕೂವರೆಗೆ ಮೇಡಂ ನನ್ನ ಪ್ರಾಜೆಕ್ಟ್ ರಿಪೋರ್ಟ್ ನೋಡುವವರಿದ್ದರು, ಹಾಗಾಗಿ ನನಗೆ ಅವಸರ. ಎಲ್ಲರೂ ಹೊರಟರು. ಟೈಲರಮ್ಮ ವಾರವಾರ ತಾವೇ ಹಾಕಿಕೊಳ್ಳುತ್ತಿದ್ದ ಹದಿನಾಲ್ಕನೇ ನಂಬರಿನ ಬಿಲ್ಲೆಯನ್ನು ತಮ್ಮ ಕೈಯಾರೆ ಕೊಕ್ಕೆಗೆ ಹಾಕಿದರು. ನಾನು ನನ್ನ ಒಂಬತ್ತನ್ನು ಹಾಕಿದೆ. ಹಲಗೆ ತುಂಬಿತು.

ಮಾವ ಬೀಗದ ಗೊಂಚಲು ಹಿಡಿದು ಬಂದರು. ಹಲಗೆ ನೋಡಿದರು. ಕೊಳದ ಸುತ್ತ ಒಂದು ಸುತ್ತು ಬಂದು ನೀರು ನೋಡಿದರು. ಗಂಡಸರ ಸ್ನಾನದ ಕೋಣೆಗೆ ಹೋಗಿ ಬಂದರು. ಹೆಂಗಸರ ಕಡೆ ಅವರು ಹೋಗುವ ಹಾಗಿಲ್ಲ.

"ಹೆಂಗಸರ ಕಡೆ ನೋಡಿದ್ಯಾ?"

"ಮೂಲೆ ಮೂಲೆ ನೋಡಿದೆ ಮಾವ. ಒಂದು ಇರುವೆ ಕೂಡ ಇಲ್ಲ."

ಮಾವ ಗೀಸರಿನ ಮೇನ್ ಸ್ವಿಚ್ ಆರಿಸಿದರು. ಅಲ್ಲಿಯವರೆಗೂ ಗುಂಯ್ ಅನ್ನುತ್ತಿದ್ದದ್ದು ನಿಂತಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ, ಎಲ್ಲೋ ದೂರದಲ್ಲಿ ನಲ್ಲಿ ಸೋರುವುದು ಕೇಳಿಸಿತು. "ವಾಷರ್ ಹೋಗಿರಬೇಕು, ಸೋಮವಾರ ನೋಡ್ತೀನಿ" ಅಂದರು ಮಾವ. ಭಾನುವಾರ ರಜೆ. ಬಾಗಿಲೆಳೆದು ಬೀಗ ಹಾಕಿದರು. ನಾಲ್ಕು ಗಂಟೆ ಹತ್ತು ನಿಮಿಷ.

ಐದು ಗಂಟೆಗೆ, ನಾನು ಮೇಡಂ ಕೋಣೆಯ ಹೊರಗೆ ಕೂತಿದ್ದಾಗ ಫೋನ್ ಬಂತು. ಟೈಲರಮ್ಮನ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ.

"ಅಮ್ಮ ಇನ್ನೂ ಮನೆಗೆ ಬಂದಿಲ್ಲ ಅಂತ ಪಕ್ಕದ ಮನೆಯವರು ಹೇಳಿದ್ರು. ನಾಲ್ಕಕ್ಕೆಲ್ಲಾ ಬಂದುಬಿಡೋರು. ಕ್ಲಾಸ್ ಲೇಟಾಯ್ತಾ?"

"ಅಯ್ಯೋ ಇಲ್ಲ ಅಕ್ಕ, ಮೂರೂವರೆಗೇ ಹೊರಟ್ರಲ್ಲ. ನಾನೇ ನೋಡಿದೆ. ಆ ತುಂಡು ಬಟ್ಟೆ ಜೋಡಿಸಿ ಹೊಲಿದ ಚೀಲ ಹೆಗಲಿಗೆ ಹಾಕ್ಕೊಂಡು ಗೇಟ್ ದಾಟಿ, ರಸ್ತೆ ಆಚೆಯಿಂದ ನನಗೆ ಕೈ ಬೀಸಿದ್ರು. ಬಸ್ ಸ್ಟಾಪ್ ಕಡೆ ಹೋದ್ರು."

"ಹೌದಾ? ಸರಿ, ಹಾಗಾದ್ರೆ ಬಸ್ ಕೈಕೊಟ್ಟಿರಬೇಕು" ಅಂದು ಅವರು ಇಟ್ಟರು. ನಾನು ಒಳಗೆ ಹೋಗಿ ಅವಳಿ ಅಕ್ಕತಂಗಿಯರು ಕೊನೆಗೂ ಮಾತಾಡಿದ ಕತೆ ಹೇಳಿದೆ. ಮೇಡಂ ಕಣ್ಣಲ್ಲಿ ನೀರು ಬಂತು. ರಿಪೋರ್ಟಿನ ಮೇಲೆ "ಅತ್ಯುತ್ತಮ" ಅಂತ ಬರೆದರು.

ಆರು ಗಂಟೆಗೆ ಮತ್ತೆ ಫೋನ್. ಬಸ್ ಸ್ಟಾಪಿನಲ್ಲಿ ಯಾರೂ ನೋಡಿಲ್ಲ ಅಂದರು ಮಗಳು. ಆರೂ ಮುಕ್ಕಾಲಿಗೆ ಮತ್ತೆ. ಈ ಸಲ ಅವರ ದನಿ ತೆಳ್ಳಗಾಗಿತ್ತು. ಮಾರುಕಟ್ಟೆಯವರೆಗೂ ಹುಡುಕಿ ಬಂದಿದ್ದರಂತೆ. ನಾನು ಆಗ ಮನೆಗೆ ಬಂದು ಊಟಕ್ಕೆ ಕೂತಿದ್ದೆ.

"ಯಾರೇ ಅದು?" ಅಂದರು ಮಾವ, ತುತ್ತು ಕೈಯಲ್ಲೇ ಹಿಡಿದು.

ಹೇಳಿದೆ. ಮಾವ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟರು.

"ಚಪ್ಪಲಿ" ಅಂದರು.

"ಏನ್ ಚಪ್ಪಲಿ?"

"ಹೆಂಗಸರ ಬಾಗಿಲ ಹತ್ತಿರ ಒಂದು ಜೊತೆ ಇತ್ತು. ಯಾರೋ ಮರೆತು ಹೋಗಿದಾರೆ ಅಂದ್ಕೊಂಡೆ. ಹಲಗೆ ತುಂಬಿತ್ತಲ್ಲ." ಕೈ ಕೂಡ ತೊಳೆಯದೆ ಎದ್ದು ಬೀಗದ ಗೊಂಚಲು ತೆಗೆದುಕೊಂಡರು.

ಈಜುಕೊಳಕ್ಕೆ ಹತ್ತು ನಿಮಿಷದ ದಾರಿ. ಮಾವ ಓಡಿದರು, ನಾನೂ ಓಡಿದೆ. ಮಾವ ಬಾಗಿಲು ತೆಗೆದು ಲೈಟ್ ಹಾಕುವ ಮುಂಚೆಯೇ ಕೇಳಿಸಿತು. ಅದು ಸೋರುವ ನಲ್ಲಿಯ ಸದ್ದಲ್ಲ. ನೀರು ಧಾರೆಯಾಗಿ ಬೀಳುತ್ತಿದ್ದ ಸದ್ದು. ಮೂರು ತಾಸಿಗೂ ಹೆಚ್ಚು ಹೊತ್ತಿನಿಂದ ಹಾಗೇ ಬೀಳುತ್ತಿತ್ತು.

ಕೊನೆಯ ಷವರಿನ ಬಾಗಿಲನ್ನು ನಾನು ಒಂದೇ ಒದೆತಕ್ಕೆ ಮುರಿದೆ. ಕಬ್ಬಿಣದ ಬಾಗಿಲು, ಆನೆ ಬಂದಿದ್ದರೂ ಅಲ್ಲಾಡುತ್ತಿರಲಿಲ್ಲ. ಟೈಲರಮ್ಮ ನೆಲದ ಮೇಲೆ ಗೋಡೆಗೆ ತಲೆ ಕೊಟ್ಟು ಬಿದ್ದಿದ್ದರು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ತಣ್ಣೀರು ನೇರ ಎದೆಯ ಮೇಲೆ ಬೀಳುತ್ತಿತ್ತು. ತುಟಿ ನೀಲಿ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದರೋ, ನನ್ನ ಹಿಂದಿನ ಗೋಡೆ ನೋಡಿದರೋ ಗೊತ್ತಾಗಲಿಲ್ಲ.

ಆಂಬುಲೆನ್ಸ್ ಬಂತು. ಸೊಂಟದ ಮೂಳೆ ಮುರಿದಿತ್ತು, ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಸೋಮವಾರ ಇಡೀ ಊರು ನನ್ನನ್ನು ಹೊತ್ತು ಮೆರೆಸಿತು. ಅಂದರೆ, ಕಾಲೇಜಿನ ಕ್ಯಾಂಟೀನಿನಲ್ಲಿ ನಾಲ್ಕು ಜನ ಕೈಕುಲುಕಿದರು. "ನೀನಿಲ್ಲದಿದ್ರೆ ಸೋಮವಾರದವರೆಗೂ ಅಲ್ಲೇ..." ಅಂದರು ಮೇಡಂ.

ಮಾವನನ್ನು ಮಾತ್ರ ಕೆಲಸಕ್ಕೆ ಬರಬೇಡ ಅಂದಿದ್ದರು. ಮೂರು ದಿನ ಅವರು ಮನೆಯಲ್ಲಿ ಕೂತು ಒಂದೇ ಮಾತು ಹೇಳಿದರು. "ಹಲಗೆ ತುಂಬಿತ್ತು. ಅವರು ಒಳಗಿದ್ರು. ಹದಿನಾಲ್ಕನ್ನ ಹಾಕಿದ್ಯಾರು?" ಯಾರನ್ನೂ ಕೇಳುತ್ತಿರಲಿಲ್ಲ. ಗೋಡೆಗೆ ಹೇಳುತ್ತಿದ್ದರು. ಅತ್ತೆ ನನ್ನನ್ನು ಎಂಟೂವರೆಗೆ ಎಬ್ಬಿಸುವುದನ್ನೂ ಬಿಟ್ಟರು.

ಬುಧವಾರ ಹತ್ತು ಗಂಟೆಗೆ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಮೇಜಿನ ಹಿಂದೆ ಮ್ಯಾನೇಜರ್, ಪಕ್ಕದಲ್ಲಿ ಮೇಡಂ, ಎದುರಿಗೆ ಮಾವ ಮತ್ತು ನಾನು. ಕಿಟಕಿಯ ಹತ್ತಿರ ಟೈಲರಮ್ಮನ ಮಗಳು, ಆಸ್ಪತ್ರೆಯಿಂದ ನೇರ ಬಂದಿದ್ದರು. ಅಮ್ಮ ಕಣ್ಣು ಬಿಡುತ್ತಾರೆ, ಮಾತಿಲ್ಲ ಅಂದರು. ಮೇಜಿನ ಮೇಲೆ ಒಂದು ಕಾಗದ: ಒಳಗೆ ಸರಿಯಾಗಿ ನೋಡದೆ ಬೀಗ ಹಾಕಿದ್ದು ನನ್ನ ತಪ್ಪು, ಅಂತ. ಕೆಳಗೆ ಮಾವನ ಸಹಿಗೆ ಜಾಗ. ಆ ಸಹಿ ಬಿದ್ದರೆ ಇನ್ನು ಯಾವ ಕೊಳದವರೂ ಮಾವನನ್ನು ಗೇಟಿನೊಳಗೆ ಬಿಡುವುದಿಲ್ಲ. ಅವರಿಗೆ ಬೇರೆ ಕೆಲಸ ಬಾರದು.

ಮ್ಯಾನೇಜರ್ ರಿಜಿಸ್ಟರ್ ತೆರೆದರು. "ಆ ಬಿಲ್ಲೆ ಯಾರು ಹಾಕಿದ್ದು ಅಂತ ಕೇಳೋಣ ಅಂತ ಇಪ್ಪತ್ತೂ ಜನಕ್ಕೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿರೋ ಅವರನ್ನ ಬಿಟ್ಟು ಹತ್ತು ಜನ ಸಿಕ್ಕರು. ಉಳಿದ ಒಂಬತ್ತರಲ್ಲಿ ಒಂದು ಸಿಮೆಂಟ್ ಅಂಗಡಿ. ಒಂದು ನಂಬರಲ್ಲಿ ಯಾವುದೋ ಮಗು ಫೋನ್ ಎತ್ತಿ ಅಳ್ತು. ಏಳು ನಂಬರ್ ಚಾಲ್ತಿಯಲ್ಲೇ ಇಲ್ಲ."

ಮೇಡಂ ನಿಧಾನ ನನ್ನ ಕಡೆ ತಿರುಗಿದರು. "ಅವಳಿ ಅಕ್ಕತಂಗೀರದ್ದು?"

"ನಂಬರ್ ಬದಲಾಯಿಸಿರಬೇಕು ಮೇಡಂ" ಅಂದೆ. ಬಾಯಿಗೆ ಯಾವತ್ತೂ ಬರಗಾಲವಿಲ್ಲದವಳು, ಅವತ್ತು ಅಷ್ಟಕ್ಕೇ ಮುಗಿಸಿದೆ.

ಮಾವ ಪೆನ್ನು ಎತ್ತಿಕೊಂಡರು. "ಹುಡುಗೀನ ಯಾಕೆ ಕೇಳ್ತೀರಿ ಸಾರ್? ಅವಳಿಗೇನೂ ಗೊತ್ತಿಲ್ಲ. ಬೀಗ ಹಾಕಿದೋನು ನಾನು. ಹೆಂಗಸರ ಕಡೆ ನೋಡಿಸಬೇಕಾಗಿದ್ದೂ ನಾನೇ." ನನ್ನನ್ನು ಕೇಳಿದ್ದನ್ನು ಹೇಳಲಿಲ್ಲ. ಇರುವೆ ಕೂಡ ಇಲ್ಲ ಅಂತ ನಾನಂದದ್ದನ್ನು ಹೇಳಲಿಲ್ಲ.

"ಒಂದು ನಿಮಿಷ" ಅಂದರು ಟೈಲರಮ್ಮನ ಮಗಳು. ಅವರ ದನಿ ಏರಲೇ ಇಲ್ಲ. "ಐದು ಗಂಟೆಗೆ ನಾನು ಫೋನ್ ಮಾಡಿದಾಗ ನೀವು ಏನಂದ್ರಿ, ಇನ್ನೊಂದ್ಸಲ ಹೇಳ್ತೀರಾ?"

"ನಾನು... ಅವರು ಹೊರಟಿದ್ದನ್ನ ನೋಡಿದೆ ಅಂದೆ."

"ಹೇಗೆ ಹೊರಟ್ರು?"

"ಚೀಲ ಹೆಗಲಿಗೆ ಹಾಕ್ಕೊಂಡು..."

"ಯಾವ ಚೀಲ?"

"ಆ ತುಂಡು ಬಟ್ಟೇದು."

"ಆ ತುಂಡು ಬಟ್ಟೆ ಚೀಲದ ಹಿಡಿ ಗುರುವಾರವೇ ಕಿತ್ತುಹೋಗಿತ್ತು. ಹೊಲಿಯೋಕೆ ಅಂತ ಮೆಷಿನ್ ಮೇಲೆ ಇಟ್ಟಿದ್ರು. ಇವತ್ತಿಗೂ ಅಲ್ಲೇ ಇದೆ. ಶನಿವಾರ ಅಮ್ಮ ಬಟ್ಟೆ ತಂದಿದ್ದು ಪ್ಲಾಸ್ಟಿಕ್ ಕವರಲ್ಲಿ." ಅವರು ಕಿಟಕಿ ಬಿಟ್ಟು ನನ್ನೆದುರು ಬಂದು ನಿಂತರು. "ನಾನು ಮನೆಗೆ ಹೋಗಿರಲಿಲ್ಲ, ಅಂಗಡಿಯಿಂದಾನೇ ಹುಡುಕೋಕೆ ಹೊರಟೆ. ನೀವು ಹೇಳಿದ ಚೀಲ ನಂಬಿಕೊಂಡು ಎರಡು ಗಂಟೆ, ಸಿಕ್ಕ ಸಿಕ್ಕವರನ್ನೆಲ್ಲ, ಬಣ್ಣಬಣ್ಣದ ಚೀಲದ ಹೆಂಗಸನ್ನ ನೋಡಿದ್ರಾ ಅಂತ ಕೇಳಿದೀನಿ. ನಮ್ಮಮ್ಮ ಆಗ ನೀರಿನ ಕೆಳಗೆ ಬಿದ್ದಿದ್ರು. ನೀವು ನಿಜವಾಗ್ಲೂ ಏನು ನೋಡಿದ್ರಿ?"

ಮಾವನ ಪೆನ್ನಿನ ಮುಚ್ಚಳ ತೆರೆದಿತ್ತು. ಅವರು ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಮೂರು ದಿನ ಗೋಡೆಯನ್ನು ಕೇಳಿದ್ದನ್ನೇ ಈಗ ನನ್ನನ್ನು ಕೇಳುತ್ತಿದ್ದರು.

ಸುಳ್ಳುಗಳು ಒಂದರ ಹಿಂದೆ ಒಂದು ಬಾಯಿಗೆ ಬಂದವು. ಒಳ್ಳೊಳ್ಳೆಯವು. ಇನ್ನೊಂದು ಚೀಲ ಇತ್ತು ಅನ್ನಬಹುದಿತ್ತು. ಬೇರೆ ಯಾರನ್ನೋ ನೋಡಿ ಅವರೆಂದುಕೊಂಡೆ ಅನ್ನಬಹುದಿತ್ತು. ಮಾವನ ಪೆನ್ನಿನ ತುದಿ ಸಹಿಯ ಜಾಗದ ಮೇಲೇ ಇತ್ತು.

"ಏನೂ ನೋಡಲಿಲ್ಲ" ಅಂದೆ.

ಮಾವ ಪೆನ್ನನ್ನು ಕಾಗದದ ಪಕ್ಕಕ್ಕೆ ಇಟ್ಟರು.

"ಅವರು ಹೊರಟಿದ್ದನ್ನ ನಾನು ನೋಡಲಿಲ್ಲ. ಕೈ ಬೀಸಲಿಲ್ಲ. ಹಲಗೆ ತುಂಬಿತ್ತು, ಹೋಗಿರ್ತಾರೆ ಅಂದ್ಕೊಂಡು ಉಳಿದಿದ್ದನ್ನ ನಾನೇ ಸೇರಿಸಿದೆ." ಮಾವನ ಕಡೆ ತಿರುಗಿದೆ. "ಹದಿನಾಲ್ಕು ಕೊಳದ ಪಕ್ಕದ ಬೆಂಚಿನ ಮೇಲೆ ಬಿದ್ದಿತ್ತು ಮಾವ. ಸೋಪು ಹಚ್ಚೋಕೆ ಬಿಚ್ಚಿಟ್ಟಿರಬೇಕು. ನನ್ನ ಜೇಬಲ್ಲಿ ಒಂಬತ್ತಿತ್ತು, ಅವನ್ನ ನೇತುಹಾಕ್ತಾ ಅದನ್ನೂ ಎತ್ತಿ ಹಾಕಿಬಿಟ್ಟೆ. ಯಾರದ್ದು ಅಂತ ನೋಡಲಿಲ್ಲ. ಏಳು ವಾರದಿಂದ ಹಾಕಿ ಹಾಕಿ ಕೈಗೆ ರೂಢಿಯಾಗಿತ್ತು. ಆ ಒಂಬತ್ತು ಜನ ಇಲ್ಲ ಮೇಡಂ. ಕಂಡಕ್ಟರ್ ಇಲ್ಲ, ಬೇಕರಿಯವರಿಲ್ಲ, ಅಕ್ಕತಂಗೀರಿಲ್ಲ. ಷವರ್ ಬಾಗಿಲು ನಾನು ಮುರಿಯಲಿಲ್ಲ. ಅದಕ್ಕೆ ಚಿಲಕಾನೇ ಇರಲಿಲ್ಲ, ಮಾವ ತಳ್ಳಿದ್ರು, ನಾನು ಹೊಸ್ತಿಲಲ್ಲಿ ನಿಂತಿದ್ದೆ."

ಟೈಲರಮ್ಮನ ಮಗಳು ಇನ್ನೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಬೇಕಾದದ್ದನ್ನು ನಾನಿನ್ನೂ ಹೇಳಿರಲಿಲ್ಲ.

"ಹೆಂಗಸರ ಕಡೆ ನೋಡಿದ್ಯಾ ಅಂತ ಮಾವ ಕೇಳಿದ್ರು. ಮೂಲೆ ಮೂಲೆ ನೋಡಿದೆ ಅಂದೆ. ಒಳಗೆ ಕಾಲೇ ಇಟ್ಟಿರಲಿಲ್ಲ. ಲೇಟಾಗ್ತಿತ್ತು. ಹನ್ನೊಂದು ಜನ ಬಂದಿದ್ರು ಅಕ್ಕ. ಎಷ್ಟು ಜನ ಹೊರಗೆ ಹೋದ್ರು ಅಂತ ನಾನು ಎಣಿಸಲೇ ಇಲ್ಲ."